ಎರಡು ಎಕರೆ ಕೊಳ್ಳುವ ಮುನ್ನ ಅಡುಗೆಮನೆಯ ಲೆಕ್ಕ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ. ಶಿರಾ ಕಡೆ ಎರಡು ಎಕರೆ ಖುಷ್ಕಿ (ಮಳೆಯಾಶ್ರಿತ) ಜಮೀನು ಕೊಂಡು, ಮುಂದಿನ ವರ್ಷ ಕೆಲಸ ಬಿಟ್ಟು, ನಮ್ಮ ಊಟವನ್ನು ನಾವೇ ಬೆಳೆದುಕೊಂಡು ಬದುಕಬೇಕೆಂಬುದು ಬಹುದಿನಗಳ ಆಸೆ. ಸಾಲ ಮಾಡಿ ಬೋರ್‌ವೆಲ್ ಕೊರೆಸುವ ಯೋಚನೆಯಿದೆ. ಎರಡು ಎಕರೆ ಸಾಕಾಗುತ್ತದೆಯೇ? ಯಾವ ಬೆಳೆಯಿಂದ ಆರಂಭಿಸಬೇಕು?
– ಓದುಗರು, ಬೆಂಗಳೂರು

ಉತ್ತರ: ನಾಲ್ಕು ಜನರ ಊಟಕ್ಕೆ ಎರಡು ಎಕರೆ ಸಾಕು. ಆದರೆ ನಾಲ್ಕು ಜನರ ಊಟ, ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು ಮತ್ತು ಬೋರ್‌ವೆಲ್ ಸಾಲದ ಕಂತು ಇಷ್ಟನ್ನೂ ಎರಡು ಎಕರೆ ಖುಷ್ಕಿ ಜಮೀನು ಹೊರಲಾರದು. ಸಣ್ಣ ಹಿಡುವಳಿ ನಿಲ್ಲುವುದು ಮಾರಿದ ಮಾಲಿನ ಮೇಲಲ್ಲ, ಕೊಳ್ಳದೆ ಉಳಿಸಿದ ಸಾಮಾನಿನ ಮೇಲೆ. ಆದ್ದರಿಂದ ನಿಮ್ಮ ಲೆಕ್ಕವನ್ನು ಮಾರುಕಟ್ಟೆಯ ಧಾರಣೆಯಿಂದಲ್ಲ, ಅಡುಗೆಮನೆಯಿಂದ ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ.

ತಲೆಗೆ ದಿನಕ್ಕೆ 300 ಗ್ರಾಂ ಧಾನ್ಯವೆಂದು ಹಿಡಿದರೂ ನಾಲ್ವರಿಗೆ ವರ್ಷಕ್ಕೆ ನಾಲ್ಕೂವರೆ ಕ್ವಿಂಟಲ್ ಸಮೀಪ ಬೇಕಾಗುತ್ತದೆ. ಮಳೆಯಾಶ್ರಿತ ರಾಗಿ ಹದವಾದ ವರ್ಷದಲ್ಲಿ ಎಕರೆಗೆ ಎಂಟು ಕ್ವಿಂಟಲ್ ಬಂದರೆ ಅರ್ಧ ಎಕರೆಯಿಂದ ನಾಲ್ಕು ಕ್ವಿಂಟಲ್ ಸಿಗುತ್ತದೆ. ಮಳೆ ಕೈಕೊಟ್ಟ ವರ್ಷ ಅದರ ಅರ್ಧವೂ ಕಷ್ಟ. ಹಾಗಾಗಿ ಒಂದು ಎಕರೆಯನ್ನು ರಾಗಿಗೇ ಬಿಡಿ. ಹೆಚ್ಚಾದ ರಾಗಿಯನ್ನು ಒಳ್ಳೆಯ ವರ್ಷದಲ್ಲಿ ಕೆಟ್ಟ ವರ್ಷಕ್ಕೆಂದು ಇಟ್ಟುಕೊಳ್ಳಬಹುದು, ಏಕೆಂದರೆ ಚೆನ್ನಾಗಿ ಒಣಗಿಸಿದ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತದೆ. ಬಯಲುಸೀಮೆಯ ಹಿರಿಯರು ನೆಲದಲ್ಲಿ ಹಗೇವು (ಧಾನ್ಯದ ಗುಂಡಿ) ತೋಡಿ ರಾಗಿ ತುಂಬುತ್ತಿದ್ದುದು ಇದೇ ಕಾರಣಕ್ಕೆ. ಹೊಲದಲ್ಲಿ ರಾಗಿಯೊಂದನ್ನೇ ಬಿತ್ತಬೇಡಿ. ಆರೆಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಹಾಕಿ ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಸೇರಿಸಿದರೆ ಸಾರಿಗೆ ಬೇಳೆ, ಒಗ್ಗರಣೆಗೆ ಒಂದಿಷ್ಟು ಎಣ್ಣೆಕಾಳು, ದನಕ್ಕೆ ಮೇವು ಎಲ್ಲವೂ ಅದೇ ಉಳುಮೆಯಲ್ಲಿ ಬರುತ್ತವೆ. ರಾಗಿಗೆ ತೆನೆ ಕಟ್ಟುವ ಹೊತ್ತಿಗೆ ಮಳೆ ತಪ್ಪಿದರೂ ತೊಗರಿ, ಅವರೆಗಳು ಹಿಂಗಾರಿನ ಒಂದು ಮಳೆಯಲ್ಲಿ ಚೇತರಿಸಿಕೊಳ್ಳುತ್ತವೆ. ಹೊಸಬರಿಗೆ ನಾನು ಧೈರ್ಯವಾಗಿ ಹೇಳುವ ಮೊದಲ ಬೆಳೆ ಇದೇ. ದಾಳಿಂಬೆ, ಡ್ರ್ಯಾಗನ್ ಹಣ್ಣು, ಶ್ರೀಗಂಧ ಎಂದು ಲಕ್ಷಗಳ ಆಸೆ ತೋರಿಸುವ ಮಾತುಗಳನ್ನು ಮೊದಲ ಮೂರು ವರ್ಷ ಕಿವಿಗೆ ಹಾಕಿಕೊಳ್ಳಬೇಡಿ.

ಈಗ ನೀರಿನ ವಿಷಯ. ಇದರಲ್ಲಿ ನಿಮ್ಮ ಯೋಜನೆಯನ್ನು ನಾನು ಒಪ್ಪಲಾರೆ. ಪೂರ್ವದ ಬಯಲು ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿದ ಮೇಲೂ ಬತ್ತಿದ ಕೊಳವೆಬಾವಿಗಳು ಎಷ್ಟೋ ಇವೆ. ಸಾಲದ ಹಣದಲ್ಲಿ ಕೊರೆದ ಬಾವಿ ಬತ್ತಿದರೆ ಸಾಲ ಮಾತ್ರ ಉಳಿಯುತ್ತದೆ, ಅದನ್ನು ತೀರಿಸಲು ಭೂಮಿಯನ್ನೇ ಮಾರಬೇಕಾಗುತ್ತದೆ. ಅಲ್ಲದೆ 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಸುವ ಮೊದಲು ಅನುಮತಿ ಪಡೆಯಬೇಕು. ಹೀಗಿರುವಾಗ ಮೇಲಿನಿಂದ ಬರುವ ನೀರನ್ನು ಮೊದಲು ಎಣಿಸೋಣ. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ ಒಂದು ಎಕರೆಯ ಮೇಲೆ ಸುಮಾರು 24 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಹತ್ತನೇ ಒಂದು ಭಾಗ ಹರಿದು ಬಂದರೂ ಒಂದು ಕೃಷಿ ಹೊಂಡ ತುಂಬುತ್ತದೆ: ಮೇಲ್ಭಾಗದಲ್ಲಿ ಉದ್ದಗಲ 12 ಮೀಟರ್, ತಳದಲ್ಲಿ 6 ಮೀಟರ್, ಆಳ 3 ಮೀಟರ್ ಇರುವ ಹೊಂಡದಲ್ಲಿ ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಕೆಂಪು ಮಣ್ಣಾದರೆ ನೀರು ಇಂಗಿಹೋಗುವುದರಿಂದ ತಳಕ್ಕೆ ಹೊದಿಕೆ ಹಾಕಬೇಕು, ಸುತ್ತ ತಂತಿಬೇಲಿ ಹಾಕಬೇಕು. ಮಕ್ಕಳಿರುವ ಮನೆಯಲ್ಲಿ ಬೇಲಿಯ ವಿಷಯದಲ್ಲಿ ಉದಾಸೀನ ಸಲ್ಲದು. ಬೇಸಿಗೆಯಲ್ಲಿ ಹೊಂಡದ ನೀರಿನ ಗಣನೀಯ ಭಾಗ ಆವಿಯಾಗುತ್ತದೆ, ಆದರೂ ನೂರು ಗಿಡಗಳಿಗೆ ವಾರಕ್ಕೆರಡು ಬಾರಿ ಹತ್ತತ್ತು ಲೀಟರ್ ಕೊಟ್ಟರೆ ನಾಲ್ಕು ತಿಂಗಳಿಗೆ ಬೇಕಾಗುವುದು 35,000 ಲೀಟರ್ ಮಾತ್ರ. ಸಾವಿರ ಚದರಡಿಯ ಮನೆಯ ಚಾವಣಿಯಿಂದ ವರ್ಷಕ್ಕೆ 40,000 ಲೀಟರಿಗೂ ಹೆಚ್ಚು ನೀರು ಹಿಡಿಯಬಹುದು. ನಾಲ್ವರ ಕುಡಿಯುವ ಮತ್ತು ಅಡುಗೆಯ ನೀರಿಗೆ ಅದು ಧಾರಾಳವಾಗಿ ಸಾಕು. ಹೊಂಡಕ್ಕೆ ಸರ್ಕಾರದ ಸಹಾಯಧನ ಸಿಗುವ ವರ್ಷಗಳಿರುತ್ತವೆ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಉಳಿದ ಒಂದು ಎಕರೆಯಲ್ಲಿ ಹೊಂಡ, ಮನೆ, ಕೊಟ್ಟಿಗೆಗಳು ಹೋಗಿ ಮಿಕ್ಕ ಜಾಗಕ್ಕೆ ಮರಗಳನ್ನು ಹಾಕಿ. ಪಪ್ಪಾಯಿ ಮತ್ತು ನುಗ್ಗೆ ವರ್ಷದೊಳಗೆ ಕೈಗೆ ಬರುತ್ತವೆ. ಕಸಿ ಮಾವಿಗೆ ನಾಲ್ಕೈದು ವರ್ಷ, ಎತ್ತರದ ತಳಿಯ ತೆಂಗಿಗೆ ಆರೇಳು ವರ್ಷ ಬೇಕು. ಬದುಗಳ ಮೇಲೆ ಗೊಬ್ಬರದ ಗಿಡ, ಅಗಸೆ, ಹೊಂಗೆ ಇರಲಿ. ದೊಡ್ಡಬಳ್ಳಾಪುರದ ಬಳಿಯ ಮರೇನಹಳ್ಳಿಯಲ್ಲಿ ಸಾವಯವ ಕೃಷಿ ಮಾಡಿ, 2019ರಲ್ಲಿ ನಮ್ಮನ್ನಗಲಿದ ಎಲ್. ನಾರಾಯಣ ರೆಡ್ಡಿಯವರು ಹೊಲದಲ್ಲಿ ಮರವಿರಬೇಕು, ಉದುರಿದ ಎಲೆ ಮಣ್ಣಿಗೇ ಸೇರಬೇಕು ಎಂಬುದನ್ನು ತಮ್ಮ ಬಳಿ ಬಂದ ಯುವಕರಿಗೆಲ್ಲ ಮನಮುಟ್ಟುವಂತೆ ತಿಳಿಸುತ್ತಿದ್ದರು. ಅವರಿಂದ ಕಲಿತ ಸಣ್ಣ ರೈತರು ಇಂದಿಗೂ ಆ ಭಾಗದಲ್ಲಿದ್ದಾರೆ. ಜಮೀನು ಕೊಳ್ಳುವ ಮುನ್ನ ಅಂಥವರ ಹೊಲಗಳಲ್ಲಿ ಒಂದು ಮುಂಗಾರು ಪೂರ್ತಿ, ಬಿತ್ತನೆಯಿಂದ ಕಣದವರೆಗೆ, ರಜಾ ದಿನಗಳಲ್ಲಾದರೂ ಮೈಮುರಿದು ದುಡಿದು ನೋಡಿ.

ಮುಂದಿನ ವರ್ಷವೇ ಇಬ್ಬರೂ ಊರು ಬಿಡಬೇಡಿ. ಕನಿಷ್ಠ ಮೂರು ವರ್ಷ ಮನೆಯಲ್ಲಿ ಒಂದು ಸಂಬಳ ಬರುತ್ತಿರಲಿ. ನಿಮ್ಮ ಪತ್ರದಲ್ಲಿ ನಿಮ್ಮ ಶ್ರೀಮತಿಯವರ ಅಭಿಪ್ರಾಯವೇನೆಂಬುದು ಎಲ್ಲಿಯೂ ಕಾಣಲಿಲ್ಲ. ಹಳ್ಳಿಯ ಮನೆಯಲ್ಲಿ ಕಳೆ ಕೀಳುವುದು, ಕಾಳು ಹಸನು ಮಾಡುವುದು, ಕೊಟ್ಟಿಗೆ ಗುಡಿಸುವುದು ಹೆಚ್ಚಾಗಿ ಹೆಂಗಸರ ಪಾಲಿಗೇ ಬೀಳುತ್ತದೆ. ಈ ದುಡಿಮೆಯನ್ನು ಮೊದಲೇ ಮಾತಾಡಿ ಹಂಚಿಕೊಳ್ಳದೆ ಕೊಂಡ ಭೂಮಿಯಿಂದ ಮನೆಯಲ್ಲಿ ಒಬ್ಬರಿಗೆ ಕನಸು, ಇನ್ನೊಬ್ಬರಿಗೆ ಹೊರೆ ಆಗುವುದನ್ನು ನಾನು ಕಂಡಿದ್ದೇನೆ. ಈ ವಿಷಯದಲ್ಲಿ ನನಗೆ ನಿಜವಾದ ಕಳಕಳಿಯಿದೆ.

ಪ್ರಶ್ನೆ: ನಮ್ಮ ಮನೆತನದಲ್ಲಿ ಯಾರಿಗೂ ಕೃಷಿ ಭೂಮಿಯಿಲ್ಲ. ನಾನು ಜಮೀನು ಕೊಳ್ಳಬಹುದೇ? ಯಾವ ದಾಖಲೆಗಳನ್ನು ನೋಡಬೇಕು? ನಗರದ ಹೊರವಲಯದಲ್ಲಿ ಹತ್ತು ಗುಂಟೆಯ ‘ಫಾರ್ಮ್ ಪ್ಲಾಟ್’ ಮಾರುತ್ತಿದ್ದಾರೆ, ಕೊಳ್ಳಬಹುದೇ?
– ಓದುಗರು, ಮೈಸೂರು

ಉತ್ತರ: ಕೊಳ್ಳಬಹುದು. ಕೃಷಿಕರಲ್ಲದವರು ಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು 1961ರ ಭೂ ಸುಧಾರಣಾ ಕಾಯ್ದೆಯಿಂದ 2020ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಆ ತಿದ್ದುಪಡಿಯನ್ನು ರೈತ ಸಂಘಟನೆಗಳು ಬಲವಾಗಿ ವಿರೋಧಿಸಿದವು, ಅವರ ಆತಂಕದಲ್ಲಿ ಹುರುಳಿದೆ. ಆದ್ದರಿಂದ ಕೊಳ್ಳುವ ನಿಮ್ಮಂಥವರು ಭೂಮಿಯನ್ನು ಬೀಳುಬಿಡದೆ ಉತ್ತು ಬಿತ್ತುವುದು ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

ಪಹಣಿಯೊಂದನ್ನೇ ನೋಡಿ ಮುಂಗಡ ಕೊಡಬೇಡಿ. ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿಗಳು, ಕನಿಷ್ಠ ಮೂವತ್ತು ವರ್ಷಗಳ ಋಣಭಾರ ಪತ್ರ, ಆಕಾರಬಂದು (ವಿಸ್ತೀರ್ಣ, ಕಂದಾಯಗಳ ಸರ್ವೆ ದಾಖಲೆ), ಸರ್ವೆ ನಂಬರಿನಲ್ಲಿ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಇವೆಲ್ಲವನ್ನೂ ಪಡೆದು ಸಿವಿಲ್ ವಕೀಲರಿಗೆ ತೋರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಭೂಮಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನು ತಿಳಿದುಕೊಳ್ಳಿ. ಅಂಥ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ, ಮತ್ತು 2023ರ ತಿದ್ದುಪಡಿಯ ನಂತರ ಭೂಮಿಯನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಬಡ ಕುಟುಂಬದ ಕೈತಪ್ಪಿದ ಭೂಮಿ ಅವರಿಗೇ ಮರಳಬೇಕೆಂಬ ಈ ಕಾನೂನು ನ್ಯಾಯವಾದದ್ದು. ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಸಹಿಯೂ ಕ್ರಯಪತ್ರದಲ್ಲಿ ಇರುವಂತೆ ನೋಡಿಕೊಳ್ಳಿ, ಏಕೆಂದರೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಹೊಲಕ್ಕೆ ಹೋಗುವ ದಾರಿ ಗ್ರಾಮದ ನಕಾಶೆಯಲ್ಲಿ ಕಾಣುತ್ತದೆಯೇ ಎಂಬುದನ್ನು ಸ್ವತಃ ಪರೀಕ್ಷಿಸಿ. ಪಕ್ಕದವರು ಬಾಯಿಮಾತಿನಲ್ಲಿ ಬಿಟ್ಟ ದಾರಿ ಅವರ ಮಕ್ಕಳ ಕಾಲಕ್ಕೆ ಮುಚ್ಚಿಹೋಗಬಹುದು.

ಹತ್ತು ಗುಂಟೆಯ ಪ್ಲಾಟುಗಳ ಬಗ್ಗೆ ನನ್ನ ಸಲಹೆ ಬೇಡವೆಂದೇ. ಎಕರೆಗೆ ನಲವತ್ತು ಗುಂಟೆ; ಅದರ ಕಾಲುಭಾಗದಲ್ಲಿ ತರಕಾರಿ, ಹಣ್ಣು ಬೆಳೆದುಕೊಳ್ಳಬಹುದೇ ಹೊರತು ಕಾಳು, ಮೇವು, ನೀರು ಮೂರೂ ಒದಗುವುದಿಲ್ಲ. ನಿಮ್ಮ ಹೆಸರಿಗೆ ಪ್ರತ್ಯೇಕ ಪೋಡಿಯಾಗದೆ (ಅಳತೆ ಮಾಡಿ ವಿಭಾಗವಾಗದೆ) ಹತ್ತಾರು ಜನರ ಜಂಟಿ ಪಹಣಿಯಲ್ಲಿ ಉಳಿಯುವ ಭೂಮಿ ಮುಂದೆ ತಲೆನೋವನ್ನು ತರುತ್ತದೆ.

ಪ್ರಶ್ನೆ: ಮಾವನವರಿಂದ ಬಂದ ಒಂದೂಕಾಲು ಎಕರೆ ಮಳೆಯಾಶ್ರಿತ ಹೊಲವಿದೆ. ಒಂದು ಹಸು ಮತ್ತು ಹತ್ತು ಕೋಳಿ ಕಟ್ಟಿಕೊಂಡು ಹಾಲು, ಮೊಟ್ಟೆ, ಗೊಬ್ಬರ, ಅಡುಗೆ ಅನಿಲ ಎಲ್ಲವನ್ನೂ ಮನೆಯಲ್ಲೇ ಪಡೆಯಬೇಕೆಂದಿದ್ದೇನೆ. ಎಂಥ ಹಸು ಸೂಕ್ತ?
– ಓದುಗರು, ಅರಸೀಕೆರೆ

ಉತ್ತರ: ನಿಮ್ಮ ಯೋಚನೆ ಬಹಳ ಹಿಡಿಸಿತು, ಏಕೆಂದರೆ ಹೊಲ ಕೈಯಲ್ಲಿದೆ, ಸಾಲವಿಲ್ಲ, ಆಸೆಯೂ ಅಳತೆಯಲ್ಲಿದೆ. ಹಸುವಿಗಿಂತ ಮೊದಲು ಅದರ ಹುಲ್ಲನ್ನು ಎಣಿಸಿ. ದಿನಕ್ಕೆ ಐದಾರು ಕೆ.ಜಿ. ಒಣಮೇವು ಎಂದರೆ ವರ್ಷಕ್ಕೆ ಎರಡು ಟನ್ ಬೇಕು. ಒಂದು ಎಕರೆ ರಾಗಿಯ ಹುಲ್ಲು ಒಳ್ಳೆಯ ವರ್ಷದಲ್ಲಿಯೂ ಅದಕ್ಕೆ ಸರಿಹೋಗುವುದು ಕಷ್ಟ. ಬದುವಿನ ಹುಲ್ಲು, ಅಗಸೆ ಸೊಪ್ಪು, ಬಚ್ಚಲು ನೀರು ಹರಿಯುವ ಕಡೆ ನಾಲ್ಕು ಸಾಲು ನೇಪಿಯರ್ ಹುಲ್ಲು ಇದ್ದರೆ ಮಾತ್ರ ಕೊರತೆ ತುಂಬುತ್ತದೆ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುವಿಗೆ ದಿನವೂ ಇಪ್ಪತ್ತೈದು ಕೆ.ಜಿ. ಹಸಿಮೇವು ಮತ್ತು ಅಂಗಡಿಯ ಹಿಂಡಿ ಬೇಕಾಗುವುದರಿಂದ, ಡೇರಿಗೆ ಹಾಲು ಹಾಕುವ ಉದ್ದೇಶವಿಲ್ಲದ ನಿಮಗೆ ಅದು ಹೊಂದುವುದಿಲ್ಲ. ನಿಮ್ಮ ಸೀಮೆಯ ಹಳ್ಳಿಕಾರ್ ಉಳುಮೆಗೆ ಹೆಸರಾದ ತಳಿ, ಹಾಲು ಕಡಿಮೆ. ಸಣ್ಣ ಮೈಯ, ಕಡಿಮೆ ಮೇವಿನ ನಾಟಿ ಹಸು ಮನೆಯ ಕಾಫಿ, ಮೊಸರಿಗೆ ಸಾಕಾಗುವಷ್ಟು ಕೊಡುತ್ತದೆ. ಹಸು ವರ್ಷವಿಡೀ ಕರೆಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ, ಬತ್ತಿದ ತಿಂಗಳುಗಳಲ್ಲಿ ಹಾಲು ಕೊಳ್ಳಬೇಕಾಗುತ್ತದೆ.

ಗೋಬರ್ ಅನಿಲಕ್ಕೆ ಒಂದು ಹಸು ಸಾಲದು. ಒಂದು ಘನ ಮೀಟರ್ ಸಾಮರ್ಥ್ಯದ ಸ್ಥಾವರಕ್ಕೂ ದಿನಕ್ಕೆ 25 ಕೆ.ಜಿ. ಸಗಣಿ ಬೇಕು, ನಾಟಿ ಹಸು ಕೊಡುವುದು ಹತ್ತು ಕೆ.ಜಿ. ಆಸುಪಾಸು. ಸದ್ಯಕ್ಕೆ ಸಗಣಿಯನ್ನು ತಿಪ್ಪೆಗೆ ಸೇರಿಸಿ, ಅಥವಾ ಜೀವಾಮೃತ ಮಾಡಿ: 200 ಲೀಟರ್ ನೀರಿಗೆ ಹತ್ತು ಕೆ.ಜಿ. ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಇದು ಒಂದು ಎಕರೆಗೆ ಸಾಲುತ್ತದೆ. ಆದರೆ ಸವಕಲು ಮಣ್ಣಿಗೆ ಜೀವಾಮೃತವೊಂದರಿಂದಲೇ ಬಲ ಬರುತ್ತದೆಂದು ನಾನು ನಂಬುವುದಿಲ್ಲ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ, ನೆಲದ ಹೊದಿಕೆ ಇವು ಬೇಕೇ ಬೇಕು.

ಕೋಳಿಗಳ ಪೈಕಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಬೇಗ ತೂಕ ಬರುತ್ತದೆ. ಆದರೆ ಕಾವಿಗೆ ಕೂತು ಮರಿ ಮಾಡುವುದು ನಾಟಿ ಕೋಳಿಯೇ, ಆದ್ದರಿಂದ ನಾಟಿಯಿಂದಲೇ ಆರಂಭಿಸಿ. ಕೊಕ್ಕರೆ ರೋಗ ಬಂದರೆ ಒಂದೇ ವಾರದಲ್ಲಿ ಗೂಡು ಖಾಲಿಯಾಗುತ್ತದೆ. ಅದಕ್ಕೂ, ಹಸುವಿನ ಕಾಲುಬಾಯಿ ರೋಗ ಮತ್ತು ಚರ್ಮಗಂಟು ರೋಗಕ್ಕೂ ಪಶು ಆಸ್ಪತ್ರೆಯಲ್ಲಿ ಕೇಳಿ ಸಕಾಲಕ್ಕೆ ಲಸಿಕೆ ಹಾಕಿಸಿ. ಇನ್ನೊಂದು ಮಾತು: ನೀವು ಮದುವೆ, ಹಬ್ಬಕ್ಕೆಂದು ಊರಿಗೆ ಹೋದ ದಿನ ಹಾಲು ಕರೆಯುವವರು ಯಾರು? ಮುಯ್ಯಾಳು ಪದ್ಧತಿ ನಿಮ್ಮ ಊರಿನಲ್ಲಿ ಇನ್ನೂ ಉಳಿದಿದ್ದರೆ ನೆರೆಮನೆಯ ಅಕ್ಕನೊಂದಿಗೆ ಕೆಲಸದ ಕೊಡುಕೊಳ್ಳುವಿಕೆ ಇಟ್ಟುಕೊಳ್ಳಿ. ನೆರೆಯವರನ್ನು ಬಿಟ್ಟು ಯಾವ ರೈತ ಕುಟುಂಬವೂ ಸ್ವಾವಲಂಬಿಯಾಗಿ ಬದುಕಿದ್ದಿಲ್ಲ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ಐದಾರು ವರ್ಷಗಳ ನಂತರ ಊರಿಗೆ ಮರಳಿ ಕೃಷಿ ಮಾಡಬೇಕೆಂದು, ಈಗಲೇ ಪುತ್ತೂರಿನ ಬಳಿ ಒಂದು ಎಕರೆ ಕೊಳ್ಳಲು ಬಯಸುತ್ತೇನೆ. ತಂದೆಯವರ ಹೆಸರಿನಲ್ಲಿ ಗುಡ್ಡದ ಜಾಗ ಸ್ವಲ್ಪವಿದೆ, ನೀರಿಲ್ಲ.
– ಓದುಗರು, ಮಸ್ಕತ್

ಉತ್ತರ: ಅನಿವಾಸಿ ಭಾರತೀಯರಾಗಿರುವಾಗ ಕೃಷಿ ಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳಲು ವಿದೇಶಿ ವಿನಿಮಯ ನಿಯಮಗಳು ಬಿಡುವುದಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಬೇರೆಯವರ ಹೆಸರಿನಲ್ಲಿ ಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ.

ನಿಮ್ಮ ತಂದೆಯವರ ಗುಡ್ಡವೇ ನಿಮಗೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಕರಾವಳಿಯಲ್ಲಿ ಮಳೆಗೆ ಬರವಿಲ್ಲ, ಜನವರಿಯಿಂದ ಮೇ ತನಕ ನೀರು ಉಳಿಯುವುದಿಲ್ಲ ಎಂಬುದೇ ಅಲ್ಲಿನ ಸಮಸ್ಯೆ. ನಿಮ್ಮ ನೆರೆಯ ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತ, ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸುರಂಗಗಳು ವ್ಯರ್ಥವಾದ ಮೇಲೂ ಬಿಡದೆ ನೀರು ಕಂಡು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೀವು ಸುರಂಗವನ್ನೇ ಕೊರೆಯಬೇಕಾಗಿಲ್ಲ. ಈ ವರ್ಷ ರಜೆಗೆ ಬಂದಾಗ ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿಗಳನ್ನು ತೋಡಿಸಿ, ಹಲಸು, ಗೇರು, ಮಾವುಗಳನ್ನು ಮಳೆಗಾಲದ ಆರಂಭದಲ್ಲಿ ನೆಡಿಸಿ. ನೀರಾವರಿ ಕೇಳುವ ಅಡಿಕೆ ಸದ್ಯಕ್ಕೆ ಬೇಡ. ಮೊದಲ ಎರಡು ಬೇಸಿಗೆ ಗಿಡಗಳಿಗೆ ನೀರು ಹಾಕಲು ನಂಬಿಕೆಯವರೊಬ್ಬರನ್ನು ಗೊತ್ತುಮಾಡಿ, ಬುಡಕ್ಕೆ ತರಗೆಲೆ ಹೊದಿಸಿ ಕೊಡಲು ಹೇಳಿ. ನೀವು ಮರಳುವ ಹೊತ್ತಿಗೆ ಗೇರು ಫಸಲು ಕೊಡುತ್ತಿರುತ್ತದೆ.