ರೇಡಿಯೇಟರ್ ಸೋರಿಕೆಗೆ ಪುಡಿ ಬೇಡ, ಬೆಸುಗೆ ಹಾಕಿ

ಹಳೆಯ ಕಾರಿನ ರೇಡಿಯೇಟರ್‌ನಲ್ಲಿ ಮೇಲಿನ ಟ್ಯಾಂಕ್ ಕೂಡುವ ಕಡೆ ಹಸಿರು ಕಲೆ ಕಟ್ಟಿ ನೀರು ಜಿನುಗುತ್ತಿದೆ, ಸೋರಿಕೆ ತಡೆಯುವ ಪುಡಿ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಹಳೆಯ ಕೊಳವೆಗಳಲ್ಲಿ ಮೊದಲೇ ಕಿಟ್ಟ ಇರುತ್ತದೆ, ಪುಡಿಯೂ ಸೇರಿದರೆ ನೀರಿನ ಓಟವೇ ನಿಂತು ಎಂಜಿನ್ ಕಾದುಹೋಗುತ್ತದೆ.

ನಿಮ್ಮದು ಹಿತ್ತಾಳೆ-ತಾಮ್ರದ್ದು ಎಂದಿದ್ದೀರಲ್ಲ, ಮನೆಯಲ್ಲೇ ಬೆಸುಗೆ ಹಾಕಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ತೆಗೆಯಿರಿ. ಇಳಿಸಿದ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಮುಚ್ಚಿಡಿ. ರುಚಿ ಸಿಹಿ, ಆದರೆ ನಾಯಿ-ಬೆಕ್ಕುಗಳಿಗೆ ವಿಷ.

ಕೆಲಸದ ಮುಕ್ಕಾಲು ಪಾಲು ಉಜ್ಜುವುದರಲ್ಲೇ ಇದೆ. ಬಣ್ಣ, ಕಿಲುಬು ಎಲ್ಲ ಹೋಗಿ ಹಿತ್ತಾಳೆ ಬೆಳಗಿದ ಚೆಂಬಿನಂತೆ ಹೊಳೆಯಬೇಕು. ಒಳಗೆ ನೀರಿನ ಪಸೆ ಉಳಿದಿದ್ದರೆ, ಕಾಯಿಸಿದಾಗ ಆವಿ ಅದೇ ತೂತಿನಿಂದ ನುಗ್ಗಿ ಕರಗಿದ ಬೆಸುಗೆಯನ್ನು ಹೊರಕ್ಕೆ ತಳ್ಳುತ್ತದೆ. ಒಂದು ದಿನ ಒಣಗಲು ಬಿಡಿ.

ಆಮೇಲೆ ಫ್ಲಕ್ಸ್ (ಬೆಸುಗೆ ಲೋಹಕ್ಕೆ ಚೆನ್ನಾಗಿ ಹಿಡಿಯಲು ಹಚ್ಚುವ ವಸ್ತು) ಸವರಿ, ದಪ್ಪ ಮೊನೆಯ ಸಾಲ್ಡರಿಂಗ್ ಐರನ್‌ನಿಂದ ಲೋಹವನ್ನೇ ಕಾಯಿಸಿ. ಬೆಸುಗೆ ತಂತಿಯನ್ನು ಮೊನೆಗಲ್ಲ, ಲೋಹಕ್ಕೆ ಮುಟ್ಟಿಸಿ. ಕಾವು ಸರಿಯಾಗಿದ್ದರೆ ಅದು ತಾನಾಗಿ ಸಂದಿನೊಳಗೆ ಹರಿಯುತ್ತದೆ. 60:40 ತವರ-ಸೀಸದ ಬೆಸುಗೆ ತಂತಿ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುವುದರಿಂದ ಬೆಂಕಿಯ ಟಾರ್ಚ್ ಬೇಕಿಲ್ಲ. ನಾನು ಮೊದಲ ಸಲ ಟಾರ್ಚ್ ಹಿಡಿದು, ಪಕ್ಕದ ಹಳೆಯ ಬೆಸುಗೆಯೂ ಬಿಟ್ಟುಕೊಂಡು ಒಂದು ಸೋರಿಕೆ ಮೂರಾಯಿತು. ಅಕ್ಕಪಕ್ಕ ಒದ್ದೆ ಬಟ್ಟೆ ಹೊದಿಸಿ. ಸೀಸದ ಕೆಲಸ, ಗಾಳಿಯಾಡುವ ಕಡೆ ಮಾಡಿ, ಕೈ ತೊಳೆಯಿರಿ.

ಕೊನೆಗೆ ಬಿಚ್ಚಿದ ರೇಡಿಯೇಟರ್‌ನ ಬಾಯಿಗಳನ್ನು ಮುಚ್ಚಿ, ನೀರಲ್ಲಿ ಮುಳುಗಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡದ ಗಾಳಿ ಕೊಟ್ಟು ಗುಳ್ಳೆ ನೋಡಿ. ನಡುವಿನ ಕೊಳವೆಗಳಿಂದಲೂ ಗುಳ್ಳೆ ಎದ್ದರೆ ಬೆಸುಗೆ ನಿಲ್ಲಿಸಿ, ಕೋರ್ (ಕೊಳವೆಗಳಿರುವ ನಡುಭಾಗ) ಬದಲಿಸಿ.