ದೇವರನ್ನು ನಂಬದವರಿಗೆ ಕ್ರಿಸ್‌ಮಸ್ ಯಾಕೆ?

ಪ್ರಶ್ನೆ: ನಾನು ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿ ಬೆಳೆದವನು. ಕೆಲವು ವರ್ಷಗಳಿಂದ ದೇವರಲ್ಲಿ ನಂಬಿಕೆ ಉಳಿದಿಲ್ಲ. ಮನೆಯವರಿಗೂ ಇದು ಗೊತ್ತು. ಆದರೂ ಕ್ರಿಸ್‌ಮಸ್‌ಗೆ ತಪ್ಪದೆ ಮನೆಗೆ ಹೋಗುತ್ತೇನೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟುತ್ತೇನೆ, ಎಲ್ಲರ ಜೊತೆ ಹಾಡುತ್ತೇನೆ. ವರ್ಷದಲ್ಲಿ ನನಗೆ ತುಂಬಾ ಇಷ್ಟವಾದ ದಿನಗಳು ಅವೇ. ಈ ಸಲ ಅಣ್ಣ, "ನಂಬಿಕೆ ಬೇಡ, ಹಬ್ಬ ಮಾತ್ರ ಬೇಕಾ? ಇದು ಬೂಟಾಟಿಕೆ" ಅಂದುಬಿಟ್ಟ. ಅಮ್ಮ ಮಾತ್ರ, "ನಡುರಾತ್ರಿಯ ಪೂಜೆಗೆ ನನ್ನ ಜೊತೆ ಬಾ, ಅಷ್ಟು ಸಾಕು" ಅನ್ನುತ್ತಾರೆ. ಹೋಗಲಾ, ಬೇಡವಾ?

ಉತ್ತರ: ಹೋಗಿ. ಮಗ ಪಕ್ಕದಲ್ಲಿ ಕೂತಿರಲಿ ಅಂತ ಅಮ್ಮ ಕರೆಯುತ್ತಿದ್ದಾರೆ. ನಿಮಗೂ ಹೋಗಲು ಮನಸ್ಸಿದೆ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ.

ಹಾಗಂತ ಅಣ್ಣನ ಮಾತನ್ನು ತಳ್ಳಿಹಾಕಬೇಡಿ. ಇಲ್ಲದ ಭಕ್ತಿಯನ್ನು ಇದೆ ಎಂದು ತೋರಿಸಿಕೊಂಡರೆ ಅವರು ಹೇಳಿದ್ದು ಸರಿ. ನೀವು ಹಾಗೆ ಮಾಡುತ್ತಿಲ್ಲ. ನಿಮ್ಮ ನಿಲುವು ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ, ನೀವು ಯಾರಿಗೂ ಮೋಸ ಮಾಡಿಲ್ಲ. ಆದರೆ ಅವರ ಮಾತಿನ ಹಿಂದೆ ಬೇರೊಂದು ನೋವು ಇರಬಹುದು. ತನಗೆ ಪವಿತ್ರವಾದ ರಾತ್ರಿಯನ್ನು ತಮ್ಮ ಬರೀ ಸಂಭ್ರಮ ಮಾಡಿಕೊಂಡ ಅನ್ನೋ ನೋವು. ಆ ನೋವಿಗೆ ಬೆಲೆ ಕೊಡಿ.

ನಂಬಿಕೆ ಇಲ್ಲದವರಿಗೆ ಹಬ್ಬದಲ್ಲಿ ಜಾಗವೇ ಇಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇತಿಹಾಸವೂ ಒಪ್ಪುವುದಿಲ್ಲ. ಯೇಸು ಹುಟ್ಟಿದ ತಾರೀಖು ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಡಿಸೆಂಬರ್ 25 ಎಂದು ಬರೆದಿಟ್ಟ ಹಳೆಯ ದಾಖಲೆ ರೋಮ್‌ನಲ್ಲಿ ಸಿದ್ಧವಾದ 354ನೇ ಇಸವಿಯ ಪಂಚಾಂಗ. ಮನೆಯೊಳಗೆ ಮರ ತಂದು ಸಿಂಗರಿಸುವ ಪದ್ಧತಿ ಜರ್ಮನ್ ಭಾಷೆಯ ಊರುಗಳಲ್ಲಿ ಬೆಳೆದದ್ದು 16ನೇ ಶತಮಾನದ ಹೊತ್ತಿಗೆ. ಇನ್ನೂ ದೊಡ್ಡ ವಿಷಯವೆಂದರೆ, ಕ್ರಿಸ್‌ಮಸ್ಸನ್ನು ನಿಷೇಧಿಸಿದವರು ಕಟ್ಟಾ ಭಕ್ತರೇ! ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರ ಕೈ ಮೇಲಾಗಿದ್ದಾಗ ಇಂಗ್ಲೆಂಡಿನ ಸಂಸತ್ತು 1647ರಲ್ಲಿ ಈ ಹಬ್ಬವನ್ನು ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಇತ್ತು. ಬೈಬಲ್ ಹೇಳದ ಹಬ್ಬ, ಬರೀ ಮೋಜು ಎಂದು ಅವರಿಗೆ ಸಿಟ್ಟು. ಅಂದರೆ ಈ ಹಬ್ಬದಲ್ಲಿ ಭಕ್ತಿಯೂ ಮನೆಮಂದಿಯ ಸಂಭ್ರಮವೂ ಬಹಳ ಹಿಂದಿನಿಂದಲೇ ಬೆರೆತಿವೆ. ನೀವು ಇವತ್ತು ಹೊಸದಾಗಿ ಬೆರೆಸಿದ್ದಲ್ಲ. ಅಮೆರಿಕದಲ್ಲಿ 2013ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ, ಯಾವ ಧರ್ಮಕ್ಕೂ ಸೇರಿಲ್ಲ ಎಂದವರಲ್ಲೂ ಶೇ 87ರಷ್ಟು ಜನ ಕ್ರಿಸ್‌ಮಸ್ ಆಚರಿಸುತ್ತೇವೆ ಎಂದಿದ್ದರು. ನೀವು ಒಬ್ಬಂಟಿ ಅಲ್ಲ.

ಈಗ ಪೂಜೆಯ ವಿಷಯ. ಕೂರುವುದು, ನಿಲ್ಲುವುದು, ಕೇಳುವುದು, ಶಾಂತಿ ಹೇಳುತ್ತಾ ಪಕ್ಕದವರ ಕೈ ಹಿಡಿಯುವುದು, ಇವೆಲ್ಲ ಮಾಡಿ. ಮಂಡಿಯೂರಲು ಮನಸ್ಸಿಲ್ಲದಿದ್ದರೆ ಸುಮ್ನೆ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಹಾಡುಗಳನ್ನು ಬಾಯಿ ತುಂಬಾ ಹಾಡಿ. ಹಾಡಿನಲ್ಲಿರುವ ಪ್ರತಿ ಸಾಲಿಗೂ ಹಾಡುವವನು ಸಾಕ್ಷಿ ಹೇಳಬೇಕಾಗಿಲ್ಲ. ದೇವರಿಲ್ಲ ಎಂದು ಜೀವನವಿಡೀ ವಾದಿಸಿದ ರಿಚರ್ಡ್ ಡಾಕಿನ್ಸ್ ಕೂಡ ಕ್ಯಾರಲ್ ಅಂದರೆ ಕ್ರಿಸ್‌ಮಸ್ ಹಾಡುಗಳನ್ನು ಹಾಡುವುದು ಇಷ್ಟ ಎಂದು ಬಹಿರಂಗವಾಗಿಯೇ ಹೇಳಿದ್ದಾರೆ.

ಎರಡರಲ್ಲಿ ಮಾತ್ರ ಸೇರಬೇಡಿ. ಒಂದು, "ನಾನು ವಿಶ್ವಾಸಿಸುತ್ತೇನೆ" ಎಂದು ಎಲ್ಲರೂ ಒಟ್ಟಿಗೆ ಹೇಳುವ ಭಾಗ. ಅದು ಹಾಡಿನ ಹಾಗಲ್ಲ, ಒಬ್ಬೊಬ್ಬರೂ ತಮ್ಮ ಬಾಯಿಂದ ಕೊಡುವ ಮಾತು. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಮೌನವಾಗಿರಿ. ಇನ್ನೊಂದು, ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ರೊಟ್ಟಿ. ಅದು ಕ್ರಿಸ್ತನ ದೇಹವೇ ಎಂಬುದು ಕ್ಯಾಥೊಲಿಕ್ ನಂಬಿಕೆ, ನಂಬದವರು ಅದನ್ನು ಸ್ವೀಕರಿಸಬಾರದು ಎಂಬುದು ಅವರ ನಿಯಮ. ಅಮ್ಮನಿಗೆ ಬೇಜಾರಾಗುತ್ತದೆ ಅಂತಲೋ, ಸಾಲಿನಲ್ಲಿ ಎಲ್ಲರೂ ಎದ್ದರು ಅಂತಲೋ ಹೋಗಿ ತಗೋಬೇಡಿ. ಜಾಗದಲ್ಲೇ ಕೂತು ಬೇರೆಯವರಿಗೆ ದಾರಿ ಬಿಡಿ. ಅಣ್ಣನ ನಂಬಿಕೆಗೆ ನೀವು ಕೊಡಬಹುದಾದ ದೊಡ್ಡ ಗೌರವ ಇದೇ.

ಇದನ್ನು ಹಬ್ಬಕ್ಕೆ ಮೊದಲೇ ಇಬ್ಬರಿಗೂ ಹೇಳಿ. "ಬರ್ತೀನಮ್ಮ, ಜೊತೆಗೆ ಕೂರ್ತೀನಿ, ಪ್ರಸಾದ ಮಾತ್ರ ತಗೊಳ್ಳಲ್ಲ" ಅಂದರೆ ಸಾಕು. ಚರ್ಚಿನ ಬಾಗಿಲಲ್ಲಿ ಈ ಮಾತು ಶುರುವಾದರೆ ಎಲ್ಲರ ಹಬ್ಬವೂ ಹಾಳಾಗುತ್ತದೆ.

ನಿಮ್ಮಂಥವರೇ ಆದ ಬೇರೆ ಓದುಗರಿಗೂ ಒಂದು ಮಾತು. ಕೆಲವರು ಭಯ, ಅವಮಾನ ಅನುಭವಿಸಿ ಧರ್ಮದಿಂದ ಹೊರಬಂದಿರುತ್ತಾರೆ. ಆ ಕಟ್ಟಡದೊಳಗೆ ಕಾಲಿಟ್ಟರೇ ಎದೆ ಬಿಗಿಯುತ್ತದೆ ಅನ್ನುವವರು ಹೋಗಲೇಬೇಕಾಗಿಲ್ಲ. ಮನೆಯವರು ಪೂಜೆ ಮುಗಿಸಿ ಬಂದ ಮೇಲೆ ಊಟಕ್ಕೆ ಸೇರಿಕೊಳ್ಳಿ. ಅದೂ ಹಬ್ಬವೇ.

ಪ್ರಶ್ನೆ: ನನ್ನ ಗಂಡ ಕ್ರೈಸ್ತರು, ದೈವಭಕ್ತರು. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಮದುವೆಗೆ ಮೊದಲೇ ಇದನ್ನು ಮಾತಾಡಿಕೊಂಡಿದ್ದೇವೆ. ಈಗ ಆರು ವರ್ಷದ ಮಗಳು, "ಅಮ್ಮ, ಯೇಸು ನಿಜವಾಗ್ಲೂ ಇದ್ನಾ? ಅಪ್ಪ ಪ್ರಾರ್ಥನೆ ಮಾಡ್ತಾರೆ, ನೀನ್ಯಾಕೆ ಮಾಡಲ್ಲ?" ಅಂತಾಳೆ. ಏನು ಹೇಳಲಿ?

ಉತ್ತರ: ನಿಜವನ್ನೇ ಹೇಳಿ, ಆರು ವರ್ಷಕ್ಕೆ ಹಿಡಿಸುವಷ್ಟು. ಯೇಸು ಎಂಬ ಮನುಷ್ಯ ಬದುಕಿದ್ದ ಎಂದು ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಆದ್ದರಿಂದ "ಇದ್ದ ಪುಟ್ಟಾ" ಎಂದು ಧೈರ್ಯವಾಗಿ ಹೇಳಬಹುದು. "ಅವನು ದೇವರ ಮಗ ಅಂತ ಅಪ್ಪ ನಂಬ್ತಾರೆ, ನಾನು ನಂಬಲ್ಲ. ನೀನು ದೊಡ್ಡವಳಾಗ್ತಾ ಯೋಚನೆ ಮಾಡು" ಅಂದರೆ ಅವಳಿಗೆ ಅರ್ಥವಾಗುತ್ತದೆ. ಅಪ್ಪ ಅಮ್ಮ ಬೇರೆ ಬೇರೆ ನಂಬಿಯೂ ಒಂದೇ ಮನೆಯಲ್ಲಿ ಪ್ರೀತಿಯಿಂದ ಇರುವುದನ್ನು ಅವಳು ದಿನವೂ ನೋಡುತ್ತಿದ್ದಾಳಲ್ಲ, ಅದು ನಿಮ್ಮ ಉತ್ತರಕ್ಕಿಂತ ಜಾಸ್ತಿ ಕಲಿಸುತ್ತದೆ.

ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಕಥೆಯನ್ನು ಅವಳಿಂದ ಮುಚ್ಚಿಡಬೇಡಿ, ಪೂರ್ತಿ ಗೊತ್ತಿರಲಿ. ಗಂಡ ಪ್ರಾರ್ಥನೆಗೆ ಕೂತಾಗ ನಿಮ್ಮ ಮುಖದಲ್ಲಿ ಅಸಡ್ಡೆ ಕಾಣದಿರಲಿ, ಮಕ್ಕಳು ಮುಖವನ್ನೇ ಓದುತ್ತಾರೆ. ಸಾಂತಾ ಕ್ಲಾಸ್ ಬಗ್ಗೆ ಕೇಳಿದರೆ, ಇಂದಿನ ಟರ್ಕಿಯ ಮೈರಾ ಎಂಬಲ್ಲಿ 4ನೇ ಶತಮಾನದಲ್ಲಿ ನಿಕೊಲಸ್ ಎಂಬ ಬಿಷಪ್ ಇದ್ದರು, ಅವರ ದಾನದ ಕಥೆಗಳಿಂದ ಸಾಂತಾ ಬೆಳೆದ ಎಂದು ತಿಳಿಸಿ. ಯಾವ ವಯಸ್ಸಿಗೆ ಹೇಳಬೇಕು ಅನ್ನುವುದನ್ನು ಮಾತ್ರ ಗಂಡನ ಜೊತೆ ಕೂತು ನಿರ್ಧರಿಸಿ.

ಪ್ರಶ್ನೆ: ನಾವು ಕೆಲವು ನಾಸ್ತಿಕ ಗೆಳೆಯರು ಡಿಸೆಂಬರ್‌ನಲ್ಲಿ ದೇವರಿಲ್ಲದ ಹಬ್ಬವೊಂದನ್ನು ಮಾಡಬೇಕು ಎಂದುಕೊಂಡಿದ್ದೇವೆ. ಇದು ಸರಿಯಾ?

ಉತ್ತರ: ಖಂಡಿತ ಮಾಡಿ. ದೇವರ ಬದಲು ಮನುಷ್ಯರನ್ನೇ ನೆಚ್ಚುವ, ಅಮೆರಿಕದ ನ್ಯೂಜೆರ್ಸಿಯ ಮಾನವತಾವಾದಿಗಳು 2001ರಲ್ಲಿ 'ಹ್ಯೂಮನ್‌ಲೈಟ್' ಎಂಬ ಹಬ್ಬ ಶುರು ಮಾಡಿದರು, ಡಿಸೆಂಬರ್ 23ರಂದು ಆಚರಿಸುತ್ತಾರೆ. ಮಾನವತಾವಾದಿ ಯಹೂದಿಗಳು ಹನುಕ್ಕಾ ಹಬ್ಬದ ಎಂಟು ರಾತ್ರಿಯೂ ದೀಪ ಹಚ್ಚುತ್ತಾರೆ, ಹಚ್ಚುವಾಗ ಹೇಳುವ ಮಾತುಗಳಲ್ಲಿ ದೇವರ ಬದಲು ಮನುಷ್ಯರ ಧೈರ್ಯವನ್ನು ನೆನೆಯುತ್ತಾರೆ. ಉತ್ತರ ಗೋಳದಲ್ಲಿ ಹಗಲು ಅತಿ ಚಿಕ್ಕದಾಗುವ ಡಿಸೆಂಬರ್ 21 ಅಥವಾ 22ನ್ನು ಆರಿಸಿಕೊಳ್ಳುವವರೂ ಇದ್ದಾರೆ. ನಿಮ್ಮ ಹಬ್ಬದಲ್ಲಿ ಧರ್ಮವನ್ನು ಬೈಯುವ ಭಾಷಣ ಬೇಡ. ಅದರಿಂದ ಸೇರಿದವರ ಖುಷಿ ಹೆಚ್ಚುವುದಿಲ್ಲ. ಮತ್ತೆ, ತಾರೀಖು 24 ಅಥವಾ 25 ಇಡಬೇಡಿ. ನಿಮ್ಮ ಗುಂಪಿನಲ್ಲೂ ಆ ರಾತ್ರಿ ಅಪ್ಪ ಅಮ್ಮನ ಹತ್ತಿರ ಇರಬೇಕು ಅನ್ನುವವರು ಇರುತ್ತಾರೆ. ಇಲ್ಲಿಗೋ ಅಲ್ಲಿಗೋ ಅನ್ನೋ ಇಕ್ಕಟ್ಟಿಗೆ ಅವರನ್ನು ಸಿಕ್ಕಿಸಬೇಡಿ.