ಮಧುಗಿರಿ ಹತ್ತಿದವರಿಗೆ ಇಂಕಾ ದಾರಿ ಕಷ್ಟವಾ?

ನಮಸ್ಕಾರ. ನೀವು, ನಿಮ್ಮ ಯಜಮಾನರು ಮಧುಗಿರಿ ಬೆಟ್ಟವನ್ನು ಆರಾಮಾಗಿ ಹತ್ತುತ್ತೀರಿ, ಪೆರುವಿನ ಇಂಕಾ ದಾರಿಯಲ್ಲಿ ನಾಲ್ಕು ದಿನ ನಡೆದು ಮಾಚು ಪಿಚು ಅನ್ನೋ ಇಂಕಾ ಜನರ ಹಳೇ ಕಲ್ಲಿನ ಊರು ಸೇರೋಕೆ ಅಷ್ಟು ತಯಾರಿ ಸಾಕಾ ಅಂತ ಕೇಳಿದ್ದೀರಿ. ಕಾಲಿಗೆ ಸಾಕು. ಉಸಿರಿಗೆ ಸಾಲದು.

ನಮ್ಮ ನಂದಿ ಬೆಟ್ಟ 1,478 ಮೀಟರ್. ಇಂಕಾ ದಾರಿಯಲ್ಲಿ ಎರಡನೇ ದಿನ ದಾಟುವ ಘಾಟಿ 4,215 ಮೀಟರ್! ನಾನು ಚಿಕ್ಕಬಳ್ಳಾಪುರದವಳು, ವಾರ ವಾರ ಸ್ಕಂದಗಿರಿ ಹತ್ತಿಯೇ ಹೋಗಿದ್ದೆ. ಆದರೂ ಆ ಏರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತೆ. ಅದಕ್ಕೇ ಮೊದಲು ಕುಸ್ಕೋದಲ್ಲಿ ಮೂರು ದಿನವಾದರೂ ಸುಮ್ನೆ ಇರಿ. ಆ ಊರೇ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಮೈ ಒಗ್ಗುತ್ತದೆ. ತಲೆನೋವು, ವಾಂತಿ ಬಂದರೆ ಗೈಡ್ ಹತ್ತಿರ ದಯವಿಟ್ಟು ಮುಚ್ಚಿಡಬೇಡಿ.

ಗೈಡ್ ಇಲ್ಲದೆ ಆ ದಾರಿಗೆ ಬಿಡುವುದಿಲ್ಲ. ದಿನಕ್ಕೆ 500 ಜನರಿಗಷ್ಟೇ ಪರವಾನಗಿ, ಅದರಲ್ಲಿ ಗೈಡು, ಹೊರೆ ಹೊರುವವರೂ ಸೇರಿದ್ದಾರೆ. ಮೇ ತಿಂಗಳಿಗೆ ಹೋಗುವುದಾದರೆ ಆರು ತಿಂಗಳು ಮೊದಲೇ ಬುಕ್ ಮಾಡಿ. ಫೆಬ್ರವರಿಯಲ್ಲಿ ದಾರಿ ಮುಚ್ಚಿರುತ್ತದೆ. ಪಾಸ್‌ಪೋರ್ಟ್ ಹೊಸದು ಮಾಡಿಸುವುದಿದ್ದರೆ ಬುಕಿಂಗ್‌ಗೆ ಮುಂಚೆಯೇ ಮಾಡಿಸಿ, ಪರವಾನಗಿ ಆ ನಂಬರಿಗೇ ಸಿಗುವುದು. ಮಾಂಸ, ಮೀನು ಬೇಡ ಅಂದರೆ ಆಗಲೇ ಹೇಳಿಬಿಡಿ.

ಇನ್ನೊಂದು ಮಾತು. ಮಂಡಿಗೆ ಜಾಸ್ತಿ ಹೊಡೆತ ಬೀಳುವುದು ಇಳಿಯುವಾಗ, ಎಲ್ಲಾ ಕಲ್ಲಿನ ಮೆಟ್ಟಿಲು. ಮಧುಗಿರಿಯಲ್ಲಿ ಬ್ಯಾಗ್ ಹಾಕಿಕೊಂಡು ನಿಧಾನಕ್ಕೆ ಇಳಿದು ಅಭ್ಯಾಸ ಮಾಡಿ. ಮತ್ತೆ, ಮೂರನೇ ದಿನ ಎಷ್ಟೇ ಸುಸ್ತಾಗಿದ್ದರೂ ದಾರಿಯಲ್ಲೇ ಸಿಗುವ ವಿನ್ಯಾಯ್ ವಾಯ್ನಾ ಅನ್ನೋ ಇಂಕಾ ಕಾಲದ ಪಾಳು ಊರನ್ನು ನೋಡದೆ ಮಲಗಬೇಡಿ. ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಆ ಕಲ್ಲಿನ ಹೊಲಗಳು ನನಗೆ ಮಾಚು ಪಿಚುಗಿಂತ ಹೆಚ್ಚು ಇಷ್ಟವಾದವು.